ಟೇಪು ಸುತ್ತಿದ್ದನ್ನೆಲ್ಲ ರಿಪೇರಿ ಅನ್ನಬೇಕೆ?

ಗಾಡಿ ಅಂದಮೇಲೆ ಸದ್ದು ಇದ್ದದ್ದೇ. ಡ್ಯಾಶ್‌ಬೋರ್ಡು ಪ್ಲಾಸ್ಟಿಕ್ಕಿನದು, ರಸ್ತೆ ಗುಂಡಿಬಿದ್ದದ್ದು, ಅಲುಗಾಡದೆ ಇನ್ನೇನು ಮಾಡೀತು? ಒಂದು ತುಂಡು ಡಬಲ್ ಟೇಪು ಹಚ್ಚಿ, ಒಂದು ಹನಿ ಫೆವಿಕ್ವಿಕ್ ಬಿಡಿ, ತೀರಾ ಹಟ ಹಿಡಿದರೆ ಎರಡು ಜಿಪ್ ಟೈ ಎಳೆದು ಕಟ್ಟಿ. ಕಾರವಾನು ಕಟ್ಟಿಸಿಕೊಂಡ ಶ್ರೀಮಂತರಿಂದ ಹಿಡಿದು ಬಾಡಿಗೆ ಟಿಟಿ ಓಡಿಸುವ ಚಾಲಕರವರೆಗೆ ಈ ಉಪದೇಶವನ್ನು ಒಪ್ಪದವರು ಸಿಗುವುದು ಅಪರೂಪ. ಎಲ್ಲರೂ ಒಪ್ಪಿದ್ದಾರೆ ಎಂಬುದೊಂದೇ ಅದಕ್ಕಿರುವ ಆಧಾರ.

ಈ ವಾದಕ್ಕೆ ಮೂರು ಕಾಲುಗಳಿವೆ. ಅಲುಗಾಟವೆಂದರೆ ಬರೀ ಸದ್ದು, ಕಿವಿಗೆ ಕಿರಿಕಿರಿಯೇ ಹೊರತು ಅಪಾಯವಲ್ಲ ಎಂಬುದು ಮೊದಲನೆಯದು. ತಪ್ಪೆಲ್ಲ ರಸ್ತೆಯದು ಎಂಬುದು ಎರಡನೆಯದು. ಅಂಟಿಸಿದರೆ ಸಾಕು, ಅಂಟದಿದ್ದರೆ ಇಡೀ ಸೆಟ್ಟನ್ನೇ ಬದಲಿಸಬೇಕು, ನಡುವೆ ಬೇರೆ ದಾರಿಯಿಲ್ಲ ಎಂಬುದು ಮೂರನೆಯದು. ಮೂರೂ ನಿಲ್ಲುವ ಕಾಲುಗಳಲ್ಲ. ಬೇರೆಲ್ಲಾದರೂ ಈ ಮಾತು ಕೇಳಿದರೆ ಸುಮ್ಮನಿರಬಹುದಿತ್ತು. ಹರಿಹರದಲ್ಲಿಯೂ ಕೇಳಿಬಂದರೆ ಸುಮ್ಮನಿರಲಾಗದು.

ಹರಿಹರ ಕಾರವಾನುಗಳ ಊರಲ್ಲ, ನಿಜ. ಆದರೆ ಅದು ದಾರಿಯ ಮೇಲಿನ ಊರು. ಹಿಂದೆ ಎನ್‌ಎಚ್ 4, ಈಗ ಎನ್‌ಎಚ್ 48 ಎಂದು ಕರೆಸಿಕೊಳ್ಳುವ ಹೆದ್ದಾರಿಯಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಗೋವಾ ಕಡೆಗೆ ಹೊರಟ ಗಾಡಿ ತುಂಗಭದ್ರೆಯ ಹತ್ತಿರ ಬರುವ ಹೊತ್ತಿಗೆ 250 ಕಿಲೋಮೀಟರಿಗಿಂತ ಹೆಚ್ಚು ಓಡಿರುತ್ತದೆ. ಸಡಿಲವಾಗಬೇಕಾದದ್ದು ಸಡಿಲವಾಗಿ, ಕುಂಯ್‌ಗುಡಬೇಕಾದದ್ದು ಕುಂಯ್‌ಗುಟ್ಟಿ, ಚಾಲಕನ ತಾಳ್ಮೆ ತೀರುವುದು ಸರಿಸುಮಾರು ಇಲ್ಲಿಯೇ. ಗಾಡಿ ನಿಲ್ಲಿಸಿ, "ಅಣ್ಣಾ, ಇದನ್ನೊಂಚೂರು ಅಂಟಿಸಿ ಕೊಡ್ರಿ, ಮುಂದೆ ಹೋಗ್ಬೇಕು" ಎನ್ನುವುದೂ ಇಲ್ಲಿಯೇ.

ಈ ಊರಿಗೆ ಇನ್ನೊಂದು ಖ್ಯಾತಿಯೂ ಇದೆ. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆ ಲೇತ್ ಯಂತ್ರಗಳನ್ನು ಮಾಡಿಕೊಟ್ಟಿತು. ಅದರ ಟರ್ನ್‌ಮಾಸ್ಟರ್ ಲೇತಿನ ಹೆಸರು ಕೇಳದ ಹಳೆಯ ಟರ್ನರ್ ಇರಲಿಕ್ಕಿಲ್ಲ. ಕಾರ್ಖಾನೆ ಬಾಗಿಲು ಹಾಕಿ ವರ್ಷಗಳಾದವು. ಆದರೆ ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಮೈಕ್ರೋಮೀಟರಿನಲ್ಲಿ ಓದಿ ಬೆಳೆದ ತಲೆಮಾರು ಅಷ್ಟು ಬೇಗ ಮರೆಯಾಗುವುದಿಲ್ಲ. ಲೇತ್ ಅಂಗಡಿಗಳು ಇನ್ನೂ ಇರುವ ಊರಿನಲ್ಲಿ ಅಲುಗಾಡುವ ಉಪಕರಣಕ್ಕೆ ಗೋಂದು ಹುಡುಕುವುದು ಊರು ಕಲಿತ ವಿದ್ಯೆಗೆ ಮಾಡುವ ಅವಮಾನ.

ಲೇತಿನ ಮುಂದೆ ನಿಂತವನು ಸದ್ದನ್ನು ಹೇಗೆ ಕೇಳುತ್ತಾನೆ ನೋಡಿ. ಟೂಲು ಲೋಹವನ್ನು ಕೊರೆಯುವಾಗ ಕರ್‌ರ್ ಎಂದು ನಡುಗಿದರೆ, ಜಾಬಿನ ಮೇಲೆ ಅಲೆ ಅಲೆಯಾಗಿ ಗೆರೆ ಬಿದ್ದರೆ, ಅವನು ಅದಕ್ಕೆ ಚಾಟರ್ ಎನ್ನುತ್ತಾನೆ. ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮುಂದುವರಿಸುವುದಿಲ್ಲ. ಯಂತ್ರ ನಿಲ್ಲಿಸಿ ಮೂರು ಕಡೆ ನೋಡುತ್ತಾನೆ: ಕ್ಯಾರೇಜಿನ ಗಿಬ್ ಸಡಿಲವಾಗಿದೆಯೆ, ಜಾಬ್ ಸರಿಯಾಗಿ ಹಿಡಿದಿದೆಯೆ, ಟೂಲು ಹೋಲ್ಡರಿನಿಂದ ತೀರಾ ಹೊರಗೆ ಚಾಚಿದೆಯೆ. ಸದ್ದು ಅವನಿಗೆ ಸುದ್ದಿ. ಎಲ್ಲೋ ಹಿಡಿತ ತಪ್ಪಿದೆ ಎಂಬ ಸುದ್ದಿ.

ಇದೇ ಪರೀಕ್ಷೆಯನ್ನು ಕಾರವಾನಿನ ಡ್ಯಾಶ್‌ಬೋರ್ಡಿಗೆ ಒಡ್ಡಿದರೆ ಅರ್ಧ ರೋಗ ತಾನಾಗಿಯೇ ಬಯಲಾಗುತ್ತದೆ. ಮೂಲ ಗಾಡಿಯ ಕಂಪನಿ ಯೋಚಿಸಿದ್ದು ಕೆಲವೇ ಉಪಕರಣಗಳ ಭಾರವನ್ನು. ಕಾರವಾನಾಗಿ ಬದಲಾದ ಮೇಲೆ ಅದೇ ಹಲಗೆಯ ಮೇಲೆ ರಿವರ್ಸ್ ಕ್ಯಾಮೆರಾದ ಪರದೆ, ದಾರಿ ತೋರುವ ಟ್ಯಾಬ್ಲೆಟ್ಟು, ಇನ್ವರ್ಟರಿನ ಸ್ವಿಚ್ಚು, ನೀರಿನ ಟ್ಯಾಂಕಿನ ಮಟ್ಟ ತೋರುವ ಮೀಟರು, ಎರಡನೇ ಬ್ಯಾಟರಿಯ ವೋಲ್ಟ್ ಮೀಟರು, ಮೊಬೈಲ್ ಹಿಡಿಯುವ ಉದ್ದನೆಯ ತೋಳು ಎಲ್ಲವೂ ಏರುತ್ತವೆ. ಒಂದು ಕಡೆ ಮಾತ್ರ ಹಿಡಿದು ಹೊರಗೆ ಚಾಚಿದ ಪಟ್ಟಿಯ ತುದಿಗೆ ಭಾರ ಬಿದ್ದಾಗ, ಪಟ್ಟಿಯ ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟಾಗುತ್ತದೆ. ಟೂಲನ್ನು ಚಿಕ್ಕದಾಗಿ ಹಿಡಿ ಎಂದು ಹಳೆಯ ಮೇಸ್ತ್ರಿಗಳು ಹುಡುಗರನ್ನು ಗದರುತ್ತಿದ್ದುದು ಇದೇ ಲೆಕ್ಕಕ್ಕೆ. ಉದ್ದ ತೋಳಿನ ತುದಿಯಲ್ಲಿ ಟ್ಯಾಬ್ಲೆಟ್ಟು ತೂಗುಬಿಟ್ಟು, ಬುಡಕ್ಕೆ ಇನ್ನೊಂದು ಸುತ್ತು ಟೇಪು ಹಾಕಿದರೆ ಈ ಲೆಕ್ಕ ಬದಲಾಗುವುದಿಲ್ಲ. ತೋಳನ್ನು ಗಿಡ್ಡ ಮಾಡಬೇಕು, ಇಲ್ಲವೇ ಇನ್ನೊಂದು ಕಡೆ ಆಸರೆ ಕೊಡಬೇಕು.

ಡ್ಯಾಶ್‌ಬೋರ್ಡಿನ ನಡುವೆ ಕೂರುವ ಡಬಲ್ ಡಿನ್ ಪರದೆಯ ಕಥೆ ಇನ್ನೂ ಸ್ವಾರಸ್ಯದ್ದು. ಸುಮಾರು 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರದ ಈ ಪೆಟ್ಟಿಗೆಗಳಲ್ಲಿ ಬಹಳಷ್ಟಕ್ಕೆ ಹಿಂಭಾಗದಲ್ಲಿ ಒಂದು ಬೋಲ್ಟು ಚಾಚಿಕೊಂಡಿರುತ್ತದೆ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಅಲ್ಲಿಂದ ಒಂದು ಪಟ್ಟಿ ಹಾಯಿಸಿ ಒಳಗಿನ ಲೋಹದ ಭಾಗಕ್ಕೆ ಬಿಗಿಯಬೇಕು ಎಂದು ಕಂಪನಿಯ ಕೈಪಿಡಿಯೇ ಚಿತ್ರ ಸಹಿತ ಹೇಳುತ್ತದೆ. ಅವಸರದ ಫಿಟಿಂಗಿನಲ್ಲಿ ಆ ಪಟ್ಟಿ ರಟ್ಟಿನ ಡಬ್ಬಿಯಲ್ಲೇ ಉಳಿದು ಕಸಕ್ಕೆ ಹೋಗುತ್ತದೆ. ಮುಂದೆ ಆರು ತಿಂಗಳಿಗೆ ಪರದೆ ಗಡಗಡ ಎಂದಾಗ ಚಾಲಕ ರಸ್ತೆಗೆ ಬೈಯುತ್ತಾನೆ, ಮೆಕ್ಯಾನಿಕ್ಕು ಮುಂಭಾಗದ ಸಂದಿಗೆ ಸ್ಪಾಂಜು ತುರುಕುತ್ತಾನೆ. ರೋಗ ಬೆನ್ನಿನಲ್ಲಿದೆ, ಲೇಪ ಹಣೆಗೆ.

ರಸ್ತೆಯನ್ನು ಬೈಯುವುದರಲ್ಲಿ ಒಂದು ಸುಖವಿದೆ. ಅದು ತಿರುಗಿ ಮಾತಾಡುವುದಿಲ್ಲ. ಗುಂಡಿಗಳಿಲ್ಲವೆಂದು ಯಾರೂ ವಾದಿಸುವುದಿಲ್ಲ, ಹಂಪುಗಳಿಲ್ಲವೆಂದೂ ಇಲ್ಲ. ಆದರೆ ಬೋಲ್ಟು ಸಡಿಲವಾಗುವುದು ಹೇಗೆಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. 1969ರಲ್ಲಿ ಜರ್ಮನಿಯ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್ ಅದನ್ನು ಪ್ರಯೋಗ ಮಾಡಿ ತೋರಿಸಿದ. ಬೋಲ್ಟಿನ ಉದ್ದಕ್ಕೆ ಬೀಳುವ ಹೊಡೆತಕ್ಕಿಂತ, ಅದಕ್ಕೆ ಅಡ್ಡಲಾಗಿ ಬಿಗಿದ ಎರಡು ಭಾಗಗಳು ಒಂದರ ಮೇಲೊಂದು ಜಾರುವುದೇ ಸಡಿಲಿಕೆಯ ಮುಖ್ಯ ಕಾರಣ. ಜಾರಿಕೆ ನಡೆಯುತ್ತಿದ್ದರೆ ಥ್ರೆಡ್ಡಿನ ಹಿಡಿತ ಕ್ಷಣಕ್ಷಣಕ್ಕೆ ತಪ್ಪಿ ನಟ್ಟು ತಾನೇ ಹಿಂದಕ್ಕೆ ತಿರುಗುತ್ತದೆ. ಬಿಗಿತ ಸಾಕಷ್ಟಿದ್ದು ಜಾರಿಕೆಯೇ ಇಲ್ಲದಿದ್ದರೆ ಅದೇ ಬೋಲ್ಟು ಅದೇ ಗುಂಡಿಗಳ ಮೇಲೆ ನಿಲ್ಲುತ್ತದೆ. ಅದೇ ರಸ್ತೆಯಲ್ಲಿ, ಅದೇ ಗಾಡಿಯಲ್ಲಿ, ಕಂಪನಿ ಬಿಗಿದ ಸ್ಟೀರಿಂಗ್ ಕಾಲಮ್ಮು ಅಲುಗುವುದಿಲ್ಲ, ಆಮೇಲೆ ಕೂರಿಸಿದ ಪರದೆ ಅಲುಗುತ್ತದೆ. ಎರಡಕ್ಕೂ ರಸ್ತೆ ಒಂದೇ ಆಗಿದ್ದಮೇಲೆ ವ್ಯತ್ಯಾಸ ಬಿಗಿದ ಕೈಯದ್ದು.

ಹಾಗಾದರೆ ಸ್ಪ್ರಿಂಗ್ ವಾಷರ್ ಹಾಕಿದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ನಾಸಾ 1990ರಲ್ಲಿ ಹೊರತಂದ ಫಾಸ್ಟನರ್ ಕೈಪಿಡಿ ಈ ನಂಬಿಕೆಗೂ ತಣ್ಣೀರೆರಚಿದೆ: ಬೋಲ್ಟು ಪೂರ್ತಿ ಬಿಗಿಯುವ ಹೊತ್ತಿಗೆ ಸ್ಪ್ರಿಂಗ್ ವಾಷರ್ ಚಪ್ಪಟೆಯಾಗಿ ಮಾಮೂಲಿ ವಾಷರಿನಂತಾಗುತ್ತದೆ, ತಡೆಯುವ ಗುಣ ಅದರಲ್ಲಿ ಉಳಿಯುವುದಿಲ್ಲ. ನೈಲಾನ್ ಉಂಗುರವಿರುವ ನೈಲಾಕ್ ನಟ್ಟು ಇದಕ್ಕಿಂತ ಮೇಲು. ಲೋಹಕ್ಕೆ ಲೋಹ ಕೂರುವ ಕಡೆ, ಮತ್ತೆ ಬಿಚ್ಚಬಹುದಾದ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಸಾಕು. ಅದೇ ಹನಿ ಪ್ಲಾಸ್ಟಿಕ್ಕಿಗೆ ತಗುಲಿದರೆ ಕೆಲವು ಬಗೆಯ ಪ್ಲಾಸ್ಟಿಕ್ಕು ಬಿರುಕು ಬಿಡುತ್ತದೆ ಎಂಬುದನ್ನೂ ತಿಳಿದಿರಬೇಕು.

ಇನ್ನು ಟೇಪಿನ ವಿಷಯ. ಅಮೆರಿಕದ ಅರಿಜೋನಾದಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರುಗಳನ್ನು ಅಳೆದು ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಂಕಿ ಹೀಗಿದೆ: ಒಂದೇ ಗಂಟೆಯಲ್ಲಿ ಡ್ಯಾಶ್‌ಬೋರ್ಡಿನ ಮೇಲ್ಮೈ ಸರಾಸರಿ 69 ಡಿಗ್ರಿ ಸೆಲ್ಸಿಯಸ್. ದಾವಣಗೆರೆ ಸೀಮೆಯ ಏಪ್ರಿಲ್ ಬಿಸಿಲು ಅರಿಜೋನಾದಷ್ಟು ಕಠೋರವಲ್ಲದಿರಬಹುದು. ಆದರೆ ಇಲ್ಲಿ ಊಟಕ್ಕೆಂದು ನಿಲ್ಲಿಸಿದ ಕಾರವಾನಿನ ಮುಂಗಾಜು ಕಾರಿನದ್ದಕ್ಕಿಂತ ಎಷ್ಟೋ ದೊಡ್ಡದು, ಒಳಗೆ ಬರುವ ಬಿಸಿಲೂ ಅಷ್ಟೇ ಹೆಚ್ಚು. ಅಂಗಡಿಯ ಅಗ್ಗದ ಡಬಲ್ ಟೇಪು ಈ ಶಾಖಕ್ಕೆ ಮೆತ್ತಗಾಗಿ, ಜಾರಿ, ಧೂಳು ಕುಡಿದು ಬಿಡುತ್ತದೆ. ಮಾಮೂಲಿ ಪಿವಿಸಿ ಇನ್ಸುಲೇಷನ್ ಟೇಪಿನ ಗೋಂದು ಕರಗಿ ವೈರಿನ ಮೇಲೆ ಅಂಟಂಟಾಗಿ ಹರಡುತ್ತದೆ, ಟೇಪು ಬಿಚ್ಚಿಕೊಳ್ಳುತ್ತದೆ.

ಅಂಟನ್ನೇ ಪೂರ್ತಿ ನಿಂದಿಸುವುದು ಅನ್ಯಾಯ. ಗಾಡಿಯ ಮುಂಗಾಜನ್ನು ಹಿಡಿದಿರುವುದು ಪಾಲಿಯುರಿಥೇನ್ ಅಂಟೇ. ಕಾರ್ಖಾನೆಗಳಲ್ಲಿ ಅಕ್ರಿಲಿಕ್ ಫೋಮ್ ಟೇಪಿನಿಂದ ದೊಡ್ಡ ಭಾಗಗಳನ್ನೇ ಕೂರಿಸುತ್ತಾರೆ. ಆದರೆ ಅಲ್ಲಿ ಮೇಲ್ಮೈ ಯಾವುದು, ಅದನ್ನು ಹೇಗೆ ತೊಳೆಯಬೇಕು, ಎಷ್ಟು ಹೊತ್ತು ಒತ್ತಬೇಕು, ಎಷ್ಟು ಭಾರ ಹೊರಿಸಬಹುದು ಎಂಬುದೆಲ್ಲ ಲೆಕ್ಕ ಹಾಕಿ ಇಟ್ಟದ್ದು. ಗ್ಯಾರೇಜಿನಲ್ಲಿ ಆ ಲೆಕ್ಕವಿಲ್ಲ. ಡ್ಯಾಶ್‌ಬೋರ್ಡಿನ ಬಿಡಿಭಾಗವನ್ನು ತಿರುಗಿಸಿ ನೋಡಿದರೆ ಹಿಂದೆ ಅದರ ಪ್ಲಾಸ್ಟಿಕ್ಕಿನ ಜಾತಿ ಅಚ್ಚಾಗಿರುತ್ತದೆ: ಎಬಿಎಸ್, ಪಿಪಿ, ಪಿಸಿ ಹೀಗೆ. ಎಬಿಎಸ್ಸಿನ ಬಿರುಕನ್ನು ಅದಕ್ಕೆ ಒಗ್ಗುವ ದ್ರಾವಕದಿಂದ ಬೆಸೆಯಬಹುದು. ಪಿಪಿ, ಅಂದರೆ ಪಾಲಿಪ್ರೊಪಿಲೀನಿಗೆ ಮಾಮೂಲಿ ಅಂಟು ಯಾವುದೂ ನೆಟ್ಟಗೆ ಹಿಡಿಯದು. ಆ ಎರಡಕ್ಷರ ಓದದೆ ಫೆವಿಕ್ವಿಕ್ ಸುರಿದವರು ಮಾರನೇ ದಿನ ಅಂಟನ್ನೇ ಬೈಯುತ್ತಾರೆ.

ಇಷ್ಟಾದರೂ ಸದ್ದೊಂದೇ ತೊಂದರೆಯಾಗಿದ್ದರೆ ಈ ಜಗಳವನ್ನು ಇಷ್ಟು ದೂರ ಎಳೆಯಬೇಕಾಗಿರಲಿಲ್ಲ. ರೇಡಿಯೋ ಜೋರು ಮಾಡಿದರೆ ಸದ್ದು ಅಡಗುತ್ತದೆ. ಆದರೆ ಅಲುಗುವ ಉಪಕರಣದ ಹಿಂದೆ ಅಲುಗುವ ವೈರಿದೆ. ವೈರಿನ ತುದಿ ಸಡಿಲವಾದಾಗ ಅಲ್ಲಿ ರೆಸಿಸ್ಟೆನ್ಸ್ ಹೆಚ್ಚುತ್ತದೆ. ಸಡಿಲ ಜಾಯಿಂಟಿನಲ್ಲಿ ಓಮಿನ ಹತ್ತನೇ ಒಂದು ಭಾಗ ರೆಸಿಸ್ಟೆನ್ಸ್ ಇದೆ ಎಂದಿಟ್ಟುಕೊಂಡು, ಅದರಲ್ಲಿ 20 ಆಂಪಿಯರ್ ಹರಿಯಲಿ. ಆ ಬೆರಳತುದಿಯಷ್ಟು ಜಾಗದಲ್ಲಿ ಹುಟ್ಟುವ ಶಾಖ 40 ವ್ಯಾಟ್. ರೇಡಿಯೋ ಅಂಗಡಿಯ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದಕ್ಕಿಂತ ಹೆಚ್ಚು ಶಾಖ ಹುಟ್ಟಿಸುವ ಒಂದು ವಸ್ತುವನ್ನು ಪ್ಲಾಸ್ಟಿಕ್ಕು, ಸ್ಪಾಂಜು, ಗೋಂದುಗಳ ನಡುವೆ ಬಚ್ಚಿಟ್ಟು ಕಾರವಾನು ಓಡುತ್ತಿರುತ್ತದೆ.

"ಫ್ಯೂಸ್ ಐತಲ್ಲ, ಹಾರ್ತದ ಬಿಡ್ರಿ" ಎಂಬುದು ಸಿದ್ಧ ಉತ್ತರ. ಹಾರುವುದಿಲ್ಲ. ಫ್ಯೂಸು ನೋಡುವುದು ಎಷ್ಟು ಕರೆಂಟು ಹರಿಯಿತು ಎಂಬುದನ್ನು ಮಾತ್ರ. ಸಡಿಲ ಜಾಯಿಂಟಿನಲ್ಲಿ ಕರೆಂಟು ಹೆಚ್ಚಾಗುವುದಿಲ್ಲ, ಕಡಿಮೆಯಾದರೂ ಆದೀತು. 30 ಆಂಪಿಯರಿನ ಫ್ಯೂಸು ಕಣ್ಣು ಮಿಟುಕಿಸದೆ ಕೂತಿರುತ್ತದೆ, ಕನೆಕ್ಟರು ಕರಗುತ್ತಿರುತ್ತದೆ. ಮನೆಯ ಸ್ವಿಚ್‌ಬೋರ್ಡಿನಲ್ಲಿ ಪ್ಲಗ್ಗು ಸಡಿಲವಾಗಿ ಕಪ್ಪಾದದ್ದನ್ನು ನೋಡಿದ ಯಾರಿಗೂ ಇದು ಹೊಸದಲ್ಲ.

ಕಾರವಾನಿನಲ್ಲಿ ಈ ಅಪಾಯ ಇಮ್ಮಡಿ. ಎಂಜಿನ್ನಿನ ಬ್ಯಾಟರಿಯ ಜೊತೆಗೆ ಫ್ರಿಜ್ಜು, ದೀಪ, ಪಂಪುಗಳಿಗೆಂದು ಎರಡನೇ ಬ್ಯಾಟರಿಯೊಂದು ಇರುತ್ತದೆ, ಮೇಲೆ ಸೋಲಾರ್ ಫಲಕವೂ ಇರಬಹುದು. ಇಗ್ನಿಷನ್ ಕೀ ತೆಗೆದರೆ ಎಲ್ಲವೂ ಸತ್ತಿತು ಎಂದುಕೊಂಡರೆ ತಪ್ಪು. ಡ್ಯಾಶ್‌ಬೋರ್ಡಿನ ಹಿಂದಿನ ಅರ್ಧ ವೈರುಗಳು ಆಗಲೂ ಜೀವಂತ. ಲೋಹದ ತೂತಿನ ಅಂಚಿಗೆ ರಬ್ಬರ್ ಗ್ರಾಮೆಟ್ ಇಲ್ಲದೆ ಹಾಯಿಸಿದ ವೈರು, ಉಪಕರಣ ಅಲುಗಿದಂತೆಲ್ಲ ಗರಗಸದಂತೆ ಉಜ್ಜುತ್ತದೆ. ಹೊದಿಕೆ ಸವೆದು ತಾಮ್ರ ಬಾಡಿಗೆ ತಾಗುವ ಹೊತ್ತು ರಾತ್ರಿಯದ್ದಾಗಿರಬಹುದು, ಹಿಂದಿನ ಬರ್ತಿನಲ್ಲಿ ಮಕ್ಕಳು ಮಲಗಿರಬಹುದು.

ಅಪಘಾತದ ಲೆಕ್ಕವನ್ನೂ ಹಾಕಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಢಿಕ್ಕಿ ಹೊಡೆದು ನಿಂತಾಗ ಬಿಗಿಯಿಲ್ಲದ ವಸ್ತು ಅದೇ ವೇಗದಲ್ಲಿ ಹಾರುತ್ತದೆ. 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಮಹಡಿಯ ಮೇಲಿನಿಂದ ಬಿದ್ದ ವಸ್ತುವಿಗೆ ಇರುವಷ್ಟೇ ವೇಗ ಅದು. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದರ ಮುಚ್ಚಳದ ಮೇಲೆಯೇ ಮೊಬೈಲ್ ಸ್ಟ್ಯಾಂಡು ಅಂಟಿಸಿದವರ ಸ್ಥಿತಿ ಇನ್ನೂ ಕೆಟ್ಟದ್ದು. ಕಣ್ಣೆವೆ ಮುಚ್ಚುವುದರೊಳಗೆ ಉಬ್ಬುವ ಚೀಲ ಆ ಸ್ಟ್ಯಾಂಡನ್ನು ನೇರ ಮುಖಕ್ಕೆ ಎಸೆಯುತ್ತದೆ. ಜೀವ ಉಳಿಸಬೇಕಾದ ಚೀಲದ ಬಾಯಿಗೆ ಕಲ್ಲು ಕಟ್ಟಿದಂತಾಯಿತು.

ಮೂರನೇ ಕಾಲಿಗೆ ಬರೋಣ. "ಇದು ರಿಪೇರಿ ಆಗೋದಲ್ಲ, ಅಸೆಂಬ್ಲಿ ಬದಲಾಯಿಸಬೇಕು" ಎಂಬ ಮಾತು ದೊಡ್ಡ ಶೋರೂಮುಗಳ ಕೌಂಟರಿನಲ್ಲಿ ಸರಾಗವಾಗಿ ಬರುತ್ತದೆ. ಟೇಪಿನವನೂ ಅಸೆಂಬ್ಲಿಯವನೂ ಬದ್ಧ ವೈರಿಗಳಂತೆ ಕಂಡರೂ ಇಬ್ಬರದೂ ಒಂದೇ ಪಂಥ: ಇಬ್ಬರೂ ಬಿಚ್ಚಿ ಹುಡುಕುವ ಕೆಲಸವನ್ನು ತಪ್ಪಿಸಿಕೊಳ್ಳುತ್ತಾರೆ. ಒಂದು ಸ್ಕ್ರೂ ಕೂರುವ ಪ್ಲಾಸ್ಟಿಕ್ ಕೊಳವೆಯ ಥ್ರೆಡ್ ಸವೆದದ್ದಕ್ಕೆ ಇಡೀ ಪ್ಯಾನಲ್ಲು ಬದಲಿಸಿದರೆ ಹೊಸ ಪ್ಯಾನಲ್ಲಿನ ಅದೇ ಕೊಳವೆ ಅದೇ ಭಾರಕ್ಕೆ ಮತ್ತೆ ಸವೆಯುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಕುರಿತು ಸಮಿತಿಯೊಂದನ್ನು ನೇಮಿಸಿತು. ಆ ಹಕ್ಕಿನ ವ್ಯಾಪ್ತಿಗೆ ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳನ್ನೂ ಸೇರಿಸಲಾಯಿತು. ಹಕ್ಕು ಕಾಗದದ ಮೇಲೆ ಬಂದರೂ ಬಿಚ್ಚಿ ಕಟ್ಟಬಲ್ಲ ಕೈಗಳೇ ಇಲ್ಲದಿದ್ದರೆ ಅದು ಯಾರಿಗೂ ದಕ್ಕುವುದಿಲ್ಲ. ಹರಿಹರಕ್ಕೆ ಅಂಥ ಕೈಗಳ ಬರವಿಲ್ಲ.

ಆ ಸವೆದ ಕೊಳವೆಯನ್ನೇ ತೆಗೆದುಕೊಳ್ಳಿ. ಲೇತಿನ ಮೇಲೆ ಹಿತ್ತಾಳೆಯ ಸಣ್ಣ ಬುಷ್ಷೊಂದನ್ನು ತಿರುಗಿಸಿ, ಹೊರಮೈಗೆ ನರ್ಲಿಂಗ್ ಮಾಡಿ, ಒಳಗೆ ಟ್ಯಾಪ್ ಹಾಕಿ, ಬಿಸಿ ಸೋಲ್ಡರಿಂಗ್ ಐರನ್ನಿನಿಂದ ಪ್ಲಾಸ್ಟಿಕ್ಕಿಗೆ ಇಳಿಸಿದರೆ ಮೊದಲಿಗಿಂತ ಗಟ್ಟಿಯಾದ ಲೋಹದ ಥ್ರೆಡ್ಡು ಸಿಗುತ್ತದೆ. ಹತ್ತು ಸಲ ಬಿಚ್ಚಿ ಹಾಕಿದರೂ ಸವೆಯದು. ಪರದೆಯ ಬೆನ್ನಿಗೆ ಬೇಕಾದ ಪಟ್ಟಿಯನ್ನು ಎರಡು ಮಿ.ಮೀ. ಎಂ.ಎಸ್. ಪಟ್ಟಿಯಿಂದ ಬಾಗಿಸಿ, ತೂತು ಕೊರೆದು, ಡ್ಯಾಶ್‌ಬೋರ್ಡಿನ ಒಳಗೆ ಅಡ್ಡಲಾಗಿ ಹಾಯುವ ಉಕ್ಕಿನ ತೊಲೆಗೆ ಬಿಗಿಯಬಹುದು. ಈ ಯಾವುದಕ್ಕೂ ಜರ್ಮನಿಯಿಂದ ಬಿಡಿಭಾಗ ತರಿಸಬೇಕಿಲ್ಲ.

ಸರಿಯಾದ ರಿಪೇರಿಗೆ ಒಂದು ಕ್ರಮವೂ ಇದೆ. ಮೊದಲು ಒಬ್ಬರು ಗಾಡಿ ಓಡಿಸುತ್ತ, ಇನ್ನೊಬ್ಬರು ಅಂಗೈಯಿಂದ ಒಂದೊಂದೇ ಭಾಗವನ್ನು ಒತ್ತುತ್ತ ಬಂದರೆ ಸದ್ದು ಎಲ್ಲಿ ನಿಲ್ಲುತ್ತದೋ ಅಲ್ಲಿ ರೋಗದ ಗುರುತು ಸಿಗುತ್ತದೆ. ಆಮೇಲೆ, ಬಿಚ್ಚುವ ಮುನ್ನ, ಎರಡೂ ಬ್ಯಾಟರಿಗಳ ಸಂಪರ್ಕ ತೆಗೆಯಬೇಕು, ಸೋಲಾರ್, ಇನ್ವರ್ಟರ್ ಆರಿಸಬೇಕು. ಏರ್‌ಬ್ಯಾಗ್ ಇದ್ದರೆ ಕಂಪನಿಯ ಕೈಪಿಡಿ ಹೇಳಿದಷ್ಟು ನಿಮಿಷ ಕಾಯಬೇಕು, ಹಳದಿ ಬಣ್ಣದ ಕನೆಕ್ಟರುಗಳಿಗೆ ತಿಳಿಯದೆ ಕೈಹಾಕಬಾರದು. ಬಿಚ್ಚಿದ ಮೇಲೆ ಪ್ರತಿ ಸ್ಕ್ರೂ ತನ್ನ ಜಾಗಕ್ಕೇ ಮರಳಬೇಕು. ಉದ್ದನೆಯದು ಗಿಡ್ಡ ತೂತಿಗೆ ಹೋದರೆ ಹಿಂದಿನ ವೈರನ್ನು ಚುಚ್ಚುತ್ತದೆ. ವೈರಿನ ತುದಿಗಳನ್ನು ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಬೇಕು. ಸೋಲ್ಡರ್ ಮಾಡಿದ ತುದಿ ಗಡುಸಾಗಿ, ಕಂಪನಕ್ಕೆ ಆ ಗಡುಸು ಮುಗಿಯುವ ಅಂಚಿನಲ್ಲೇ ಮುರಿಯುತ್ತದೆ. ವೈರಿನ ಕಟ್ಟಿಗೆ ಪಿವಿಸಿ ಬದಲು ಬಟ್ಟೆಯ ವೈರಿಂಗ್ ಟೇಪು ಸುತ್ತಬೇಕು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕು ಉಜ್ಜುವ ಕಡೆ ಫೆಲ್ಟಿನ ತೆಳು ಪಟ್ಟಿ ಇಡಬೇಕು. ಟೇಪಿಗೆ ಜಾಗ ಇರುವುದು ಇಲ್ಲಿ, ಕೊನೆಯಲ್ಲಿ. ಹಿಡಿತ ಸರಿಯಾದ ಮೇಲೆ ಉಜ್ಜಾಟ ತಪ್ಪಿಸುವುದಕ್ಕೆ ಮಾತ್ರ.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ದುಡ್ಡು ಯಾರು ಕೊಡುತ್ತಾರೆ ಎಂದು ಗ್ಯಾರೇಜಿನವರು ಕೇಳುವುದು ನ್ಯಾಯ. ಈ ವಾದದಲ್ಲಿ ಅವರೇ ದೊಡ್ಡ ಅಪರಾಧಿಗಳಲ್ಲ. "ಬಿಚ್ಚಿದ್ರ ಅರ್ಧ ದಿನ ಹಿಡೀತದ ಸಾರ್" ಎಂದ ಮೆಕ್ಯಾನಿಕ್ಕಿಗೆ "ಅಷ್ಟೆಲ್ಲ ಬ್ಯಾಡ, ಈಗಿಂದಕ್ಕೆ ಏನಾರ ಮಾಡಿಕೊಡಪ್ಪ" ಎಂದು ಹೇಳುವುದು ಲಕ್ಷಗಟ್ಟಲೆ ಸುರಿದು ಕಾರವಾನು ಕಟ್ಟಿಸಿದ ಮಾಲೀಕನೇ. ಒಳಗಿನ ಹಾಸಿಗೆಯ ಬಟ್ಟೆಗೆ ಚೌಕಾಸಿ ಮಾಡದವನು ಸ್ಕ್ರೂ ಬಿಚ್ಚುವ ಕೂಲಿಗೆ ಚೌಕಾಸಿ ಮಾಡುತ್ತಾನೆ. ಹುಡುಕುವ ಶ್ರಮಕ್ಕೆ ಬೆಲೆಯಿಲ್ಲ, ಹಚ್ಚಿದ ವಸ್ತುವಿಗಷ್ಟೇ ಬೆಲೆ ಎಂಬ ಲೆಕ್ಕ ಇರುವವರೆಗೆ ಮೆಕ್ಯಾನಿಕ್ಕು ಟೇಪನ್ನೇ ಹಚ್ಚುತ್ತಾನೆ, ಹಚ್ಚಿದ್ದಕ್ಕೆ ಅವನನ್ನು ದೂರುವಂತಿಲ್ಲ.

ಕಾರವಾನುಗಳ ಕಾಲ ಈಗಷ್ಟೇ ಶುರುವಾಗುತ್ತಿದೆ. ಕೇರಳ 2021ರಲ್ಲಿ ಕಾರವಾನ್ ಪ್ರವಾಸಕ್ಕೆಂದೇ ನೀತಿ ತಂದಿತು. ಮೋಟಾರ್ ಕಾರವಾನುಗಳ ಮಂಜೂರಾತಿಗೆ ದೇಶದಲ್ಲಿ ಎಐಎಸ್-124 ಎಂಬ ಮಾನದಂಡವಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಗಾಡಿ ಮಂಜೂರಾಗಿ ರಸ್ತೆಗಿಳಿದ ಮೇಲೆ ಡ್ಯಾಶ್‌ಬೋರ್ಡಿಗೆ ಒಂದೊಂದಾಗಿ ಏರುವ ಉಪಕರಣಗಳು ಹೇಗೆ ಬಿಗಿದಿವೆ ಎಂಬುದನ್ನು ನೋಡಲು ದಿನವೂ ಇನ್‌ಸ್ಪೆಕ್ಟರು ಬರುವುದಿಲ್ಲ. ಅದು ಮಾಲೀಕ ಮತ್ತು ಮೆಕ್ಯಾನಿಕ್ಕಿನ ನಡುವಿನ ವ್ಯವಹಾರ.

ಆದ್ದರಿಂದ ಹೆದ್ದಾರಿಯಲ್ಲಿ ಹಾಯುವ ಕಾರವಾನು ಮಾಲೀಕರು ಇಷ್ಟು ಮಾಡಲಿ. ಮುಂದಿನ ಸಲ ಹರಿಹರದ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದಾಗ "ಅಂಟಿಸಿ ಕೊಡ್ರಿ" ಎನ್ನುವುದನ್ನು ಬಿಟ್ಟು "ಬಿಚ್ಚಿ ನೋಡ್ರಿ" ಎನ್ನಲಿ, ಬೇಕಾದ ಬುಷ್ಷು, ಪಟ್ಟಿಗಳನ್ನು ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಲಿ, ಬಿಚ್ಚಿದ ಅರ್ಧ ದಿನದ ಕೂಲಿಯನ್ನು ಚೌಕಾಸಿಯಿಲ್ಲದೆ ಎಣಿಸಿ ಕೊಡಲಿ.